ಎಡಕ್ಕೆ ಹೊರಳುವ ಚೆಂಡು: ಗಾಲ್ಫಿನ ಹುಕ್ ದೋಷವೂ ಅದರ ನಿವಾರಣೆಯೂ

ಆಟಗಳಲ್ಲಿ ಕಾಣುವ ದೋಷಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು: ಬಲವಾಗಲಿ ಅಭ್ಯಾಸವಾಗಲಿ ಸಾಲದವನಿಗೆ ಅಂಟುವ ದೋಷಗಳು ಕೆಲವು, ಬಲವೂ ಅಭ್ಯಾಸವೂ ಇದ್ದು, ಅವೆರಡೂ ಪರಸ್ಪರ ಹೊಂದಿಕೊಳ್ಳದವನಿಗೆ ಅಂಟುವ ದೋಷಗಳು ಕೆಲವು. ಗಾಲ್ಫ್ ಆಟದಲ್ಲಿ ಹುಕ್ ಎಂದು ಕರೆಯುವ ದೋಷವು ಎರಡನೆಯ ಬಗೆಗೆ ಸೇರಿದುದು. ಬಲಗೈ ಆಟಗಾರನು ಹೊಡೆದ ಚೆಂಡು ಗುರಿಯ ಕಡೆಗೋ, ಗುರಿಯಿಂದ ತುಸು ಬಲಕ್ಕೋ ಹೊರಟು, ನಡುದಾರಿಯಲ್ಲಿ ಎಡಕ್ಕೆ ಹೊರಳಿ, ತಗ್ಗಾಗಿ ಹಾರಿ, ನೆಲ ಮುಟ್ಟಿದ ಬಳಿಕವೂ ನಿಲ್ಲದೆ ಮತ್ತಷ್ಟು ಎಡಕ್ಕೆ ಓಡಿ, ಪೊದೆಯಲ್ಲಿಯೋ ನೀರಿನಲ್ಲಿಯೋ ಕಣ್ಮರೆಯಾಗುವುದೇ ಹುಕ್ಕಿನ ಸಾಮಾನ್ಯ ಲಕ್ಷಣ. ಹೊಸಬನ ಚೆಂಡು ಸಾಮಾನ್ಯವಾಗಿ ಬಲಕ್ಕೆ ಹೊರಳುತ್ತದೆ. ಅದಕ್ಕೆ ಸ್ಲೈಸ್ ಎಂದು ಹೆಸರು. ಆಟಗಾರನ ಇಚ್ಛೆಗೆ ಅಧೀನವಾಗಿ ಎಡಕ್ಕೆ ಅಲ್ಪವಾಗಿ ಬಾಗುವ ಹೊಡೆತವು ಡ್ರಾ ಎನಿಸಿ ಪ್ರಶಂಸೆಗೆ ಪಾತ್ರವಾಗುತ್ತದೆ. ಅದೇ ಬಾಗು ಮೇರೆ ಮೀರಿದಾಗ ಹುಕ್ ಆಗುವುದರಿಂದ, ಆಟವು ಒಂದಿಷ್ಟು ಕೈಗೂಡಿದ ಮೇಲೆಯೇ ಈ ದೋಷವು ತಲೆದೋರುವುದು ಹೆಚ್ಚು. ಸ್ವತಃ ಹುಕ್ಕಿನಿಂದ ನರಳಿ ಅದನ್ನು ತೊರೆದ ಅಮೆರಿಕದ ಲೀ ಟ್ರೆವಿನೊ, ಬಲಕ್ಕೆ ಮೆಲ್ಲನೆ ಬಾಗುವ ಫೇಡ್ ನಮ್ಮ ಮಾತು ಕೇಳೀತು, ಹುಕ್ ಮಾತ್ರ ಕೇಳದು ಎಂಬರ್ಥದಲ್ಲಿ ಆಡಿದ ಮಾತು ಗಾಲ್ಫ್ ಬಲ್ಲವರ ನಡುವೆ ಗಾದೆಯಾಗಿಯೇ ನೆಲೆಸಿದೆ.

ವಿಜಯಪುರದ ಓದುಗರಿಗೆ ಈ ವಿಷಯವು ದೂರದ್ದೆಂದು ತೋರಿದರೆ ಆಶ್ಚರ್ಯವಿಲ್ಲ. ನಮ್ಮ ರಾಜ್ಯದಲ್ಲಿ ಗಾಲ್ಫ್ ಬೇರೂರಿದುದು ದಕ್ಷಿಣದಲ್ಲಿ: 1876ರಲ್ಲಿ ಸ್ಥಾಪಿತವಾದ ಬೆಂಗಳೂರು ಗಾಲ್ಫ್ ಕ್ಲಬ್ಬು ಮೊದಲ್ಗೊಂಡು ಮೈಸೂರು, ಕೊಡಗು, ಚಿಕ್ಕಮಗಳೂರುಗಳ ಹಸಿರು ಅಂಗಳಗಳವರೆಗೆ ಅದರ ನೆಲೆಗಳು ಹಬ್ಬಿವೆ. ಆದರೆ ಉದ್ಯೋಗನಿಮಿತ್ತವಾಗಿ ಬೆಂಗಳೂರಿಗೋ ಪುಣೆಗೋ ಹೊರದೇಶಕ್ಕೋ ಹೋಗಿ, ಅಲ್ಲಿ ಈ ಆಟದ ರುಚಿ ಹತ್ತಿಸಿಕೊಂಡು, ರಜೆಗೆ ಊರಿಗೆ ಬರುವಾಗ ಚೀಲದಲ್ಲಿ ಕ್ಲಬ್ಬು ಎಂದೇ ಕರೆಯುವ ಹೊಡೆಯುವ ಕೋಲುಗಳೆರಡನ್ನೂ ಇಟ್ಟುಕೊಂಡು ಬರುವ ತರುಣರು ಈ ಸೀಮೆಗೂ ಅಪರಿಚಿತರಲ್ಲ. ಮೇಲಾಗಿ, ಈ ಆಟವು ಸಿರಿವಂತರದೆಂಬ ನಂಬಿಕೆಯನ್ನು ಕರ್ನಾಟಕದ ಕ್ಯಾಡಿಗಳು ಎಂದೋ ಸುಳ್ಳಾಗಿಸಿದ್ದಾರೆ. ಬೆಂಗಳೂರಿನಲ್ಲಿ ಇತರರ ಕ್ಲಬ್ಬುಗಳ ಚೀಲ ಹೊರುತ್ತಲೇ ಆಟವನ್ನು ಕಣ್ಣಿಂದ ಕಲಿತ ಸಿ. ಮುನಿಯಪ್ಪನವರು 2009ರಲ್ಲಿ ಇಂಡಿಯನ್ ಓಪನ್ ಪ್ರಶಸ್ತಿಯನ್ನೇ ಗೆದ್ದರು. ಬಿಡದಿಯ ಬಳಿಯ ಹಳ್ಳಿಯಿಂದ ಬಂದ ಚಿಕ್ಕರಂಗಪ್ಪನವರು ಅಂತರರಾಷ್ಟ್ರೀಯ ಪಂದ್ಯಗಳ ಅಂಗಳಕ್ಕೆ ಏರಿದರು. ಆದುದರಿಂದ ಹುಕ್ಕಿನ ಚಿಕಿತ್ಸೆಯನ್ನು ಕುರಿತು ನಮ್ಮ ಎರೆಭೂಮಿಯ ಅಂಚಿನಲ್ಲಿ ನಿಂತು ವಿಚಾರ ಮಾಡುವುದರಲ್ಲಿ ಅನುಚಿತವಾದುದೇನೂ ಇಲ್ಲ.

ದೋಷದ ನಿವಾರಣೆಗೆ ಮೊದಲು ಅದರ ಕಾರಣವನ್ನು ತಿಳಿಯಬೇಕು. ಗಾಲ್ಫ್ ಚೆಂಡಿನ ತೂಕ 46 ಗ್ರಾಮನ್ನು ಮೀರದು. ಅದರ ವ್ಯಾಸ 42.67 ಮಿಲಿಮೀಟರಿಗೆ ಕಡಿಮೆಯಿರಕೂಡದು. ಕ್ಲಬ್ಬಿನ ಮುಖವೂ ಈ ಚೆಂಡೂ ಒಂದನ್ನೊಂದು ಮುಟ್ಟಿಕೊಂಡಿರುವ ಕಾಲವು ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ. ಚೆಂಡಿನ ಮುಂದಿನ ಗತಿಯೆಲ್ಲವೂ ಆ ಕ್ಷಣಾಂಶದಲ್ಲಿಯೇ ನಿಶ್ಚಿತವಾಗುತ್ತದೆ. ಆಗ ಕ್ಲಬ್ಬಿನ ಮುಖವು ಎತ್ತ ನೋಡುತ್ತಿತ್ತೋ ಹೆಚ್ಚುಕಡಿಮೆ ಅತ್ತ ಚೆಂಡು ಹೊರಡುತ್ತದೆ. ಮುಖವು ನೋಡುತ್ತಿದ್ದ ದಿಕ್ಕಿಗೂ ಕ್ಲಬ್ಬು ಬೀಸಿ ಬಂದ ದಾರಿಗೂ ಇರುವ ಅಂತರಕ್ಕೆ ಅನುಸಾರವಾಗಿ ಅದು ಬಾಗುತ್ತದೆ. ಬೀಸಿನ ದಾರಿಗೆ ಹೋಲಿಸಿದಾಗ ಮುಖವು ಎಡಕ್ಕೆ ಮುಚ್ಚಿಕೊಂಡಿದ್ದರೆ ಚೆಂಡು ಎಡಕ್ಕೆ ಬಾಗುವುದು. ಬಲಕ್ಕೆ ತೆರೆದುಕೊಂಡಿದ್ದರೆ ಬಲಕ್ಕೆ. ಚೆಂಡು ಬೀಸಿನ ದಾರಿಯಲ್ಲಿ ಹೊರಟು ಮುಖದ ದಿಕ್ಕಿಗೆ ಹೊರಳುತ್ತದೆಂದು ಬಹುಕಾಲ ಶಿಕ್ಷಕರು ಬೋಧಿಸುತ್ತಿದ್ದರು; ಚೆಂಡಿನ ಹಾರಾಟವನ್ನು ರೇಡಾರಿನಿಂದ ಅಳೆಯುವ ಯಂತ್ರಗಳು ಈ ಶತಮಾನದ ಆರಂಭದಲ್ಲಿ ಬಳಕೆಗೆ ಬಂದ ಮೇಲೆ ಆ ಬೋಧನೆಯು ತಿದ್ದುಪಡಿಯಾಯಿತು.

ಬಾಗುವಿಕೆಯ ಮೂಲವು ಚೆಂಡಿನ ಭ್ರಮಣದಲ್ಲಿದೆ. ಸರಿಯಾಗಿ ಹೊಡೆದ ಚೆಂಡು ಹಿಮ್ಮುಖವಾಗಿ ತಿರುಗುತ್ತ ಹಾರುವುದರಿಂದ ಗಾಳಿಯು ಅದನ್ನು ಮೇಲಕ್ಕೆ ಎತ್ತಿಹಿಡಿಯುತ್ತದೆ. ಮುಖವು ದಾರಿಗಿಂತ ಎಡಕ್ಕೆ ಮುಚ್ಚಿಕೊಂಡಿದ್ದಾಗ ಆ ಭ್ರಮಣದ ಅಕ್ಷವು ಎಡಕ್ಕೆ ವಾಲುತ್ತದೆ. ಅದರೊಡನೆ ಗಾಳಿಯ ಎತ್ತುವ ಬಲವೂ ಎಡಕ್ಕೆ ವಾಲಿ ಚೆಂಡನ್ನು ಎಳೆದೊಯ್ಯುತ್ತದೆ. ತಿರುಗುವ ಚೆಂಡು ವಕ್ರವಾಗಿ ಹಾರುವುದನ್ನು ಹದಿನೇಳನೆಯ ಶತಮಾನದಲ್ಲಿಯೇ ನ್ಯೂಟನ್ನನು ಗಮನಿಸಿದ್ದನು. ಸ್ಕಾಟ್ಲೆಂಡಿನ ವಿಜ್ಞಾನಿ ಪೀಟರ್ ಗತ್ರಿ ಟೇಟ್, ಸ್ವತಃ ಆಟಗಾರನಾದ ತನ್ನ ಮಗನ ಕಣ್ಣೆದುರಿನ ಆಟದಿಂದಲೂ ಪ್ರೇರಿತನಾಗಿ, 1890ರ ದಶಕದಲ್ಲಿ ಗಾಲ್ಫ್ ಚೆಂಡಿನ ಹಾರಾಟವನ್ನು ಗಣಿತದ ಕಟ್ಟಿನೊಳಕ್ಕೆ ತಂದನು. ಡ್ರೈವರಿನಂತಹ ಉದ್ದ ಕ್ಲಬ್ಬಿನ ಮುಖವು ಹೆಚ್ಚು ನೆಟ್ಟಗಿರುವುದರಿಂದ ಅದರ ಹೊಡೆತದಲ್ಲಿ ಹಿಮ್ಮುಖ ಭ್ರಮಣವು ಕಡಿಮೆ, ಅಷ್ಟೇ ತಪ್ಪಿಗೆ ಅಕ್ಷದ ವಾಲು ಹೆಚ್ಚು. ಆದುದರಿಂದಲೇ ಏಳನೆಯ ಐರನ್ ಎಂಬ, ಅದಕ್ಕಿಂತ ಗಿಡ್ಡ ಕ್ಲಬ್ಬಿನಲ್ಲಿ ಅಡಗಿದ್ದ ದೋಷವು ಡ್ರೈವರನ್ನು ಹಿಡಿದ ಕೂಡಲೆ ಉಗ್ರರೂಪ ತಾಳುತ್ತದೆ.

ಚೆಂಡು ಹೊರಡುವಾಗ ಒಂದೇ ಒಂದು ಡಿಗ್ರಿಯಷ್ಟು ದಿಕ್ಕು ತಪ್ಪಿದರೆ 200 ಮೀಟರು ದೂರದಲ್ಲಿ ಅದು ಮೂರೂವರೆ ಮೀಟರಿನಷ್ಟು ಸರಿದಿರುತ್ತದೆ. ಬಾಗುವಿಕೆಯು ಸೇರಿದರೆ ಸರಿತವು ಅದರ ಹಲವು ಪಟ್ಟಾದೀತು. ಗೋಳಗುಮ್ಮಟದ ಮೇಲಂತಸ್ತಿನ ಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಒಬ್ಬನು ಪಿಸುಗುಟ್ಟಿದರೆ, ಸುಮಾರು 38 ಮೀಟರುಗಳ ಆಚೆಗೆ ಎದುರು ಬದಿಯಲ್ಲಿ ನಿಂತವನ ಕಿವಿಗೆ ಅದು ಸ್ಪಷ್ಟವಾಗಿ ಬೀಳುವುದನ್ನು ನಮ್ಮೂರವರು ಬಾಲ್ಯದಿಂದ ಬಲ್ಲರು. ಹಾಗೆಯೇ ಮಣಿಕಟ್ಟಿನ ಪಿಸುಮಾತೊಂದು ಬಯಲಿನ ಆಚೆಗೆ ಚೆಂಡಿನಲ್ಲಿ ಮುಚ್ಚುಮರೆಯಿಲ್ಲದೆ ಪ್ರಕಟವಾಗುತ್ತದೆ. ಚೆಂಡು ಹೇಳುವುದನ್ನು ಕೇಳಿ ಒಪ್ಪಿಕೊಳ್ಳುವುದೇ ಚಿಕಿತ್ಸೆಯ ಮೊದಲ ಮೆಟ್ಟಿಲು.

ಹುಕ್ಕಿನಲ್ಲಿ ಎರಡು ಜಾತಿಗಳುಂಟು, ಅವುಗಳ ಔಷಧವೂ ಬೇರೆ ಬೇರೆ. ಚೆಂಡು ಗುರಿಯ ಬಲಕ್ಕೆ ಹೊರಟು ಎಡಕ್ಕೆ ಹೊರಳಿದರೆ, ಕ್ಲಬ್ಬು ಮೈಯ ಕಡೆಯಿಂದ ಹೊರಮುಖವಾಗಿ, ಗುರಿಗಿಂತ ಬಹಳ ಬಲಕ್ಕೆ ಬೀಸಿ ಹೋಗುತ್ತಿದೆಯೆಂದು ಅರ್ಥ. ಇಲ್ಲಿ ತಿದ್ದಬೇಕಾದುದು ಮುಖ್ಯವಾಗಿ ದಾರಿಯನ್ನು. ಚೆಂಡು ಮೊದಲಿನಿಂದಲೇ ಎಡಕ್ಕೆ ಹೊರಟು ಇನ್ನೂ ಎಡಕ್ಕೆ ಹೊರಳಿ ಬೇಗನೆ ನೆಲಕ್ಕೆ ಬಿದ್ದರೆ, ಕ್ಲಬ್ಬಿನ ಮುಖವು ಮುಚ್ಚಿಕೊಂಡು ಬರುತ್ತಿದೆಯೆಂದು ತಿಳಿಯಬೇಕು; ಇಲ್ಲಿ ತಿದ್ದಬೇಕಾದುದು ಹಿಡಿತವನ್ನೂ ಮಣಿಕಟ್ಟನ್ನೂ. ಈ ವಿವೇಚನೆಯಿಲ್ಲದೆ ಹೊಡೆತದ ಅಂತ್ಯವನ್ನು ಮಾತ್ರ ನೋಡಿ, ಚೆಂಡು ಎಡಕ್ಕೆ ಹೋಯಿತೆಂದು ಮರುಗಿ, ಮುಂದಿನ ಬಾರಿ ಬಲಕ್ಕೆ ತಿರುಗಿ ನಿಲ್ಲುವವರೇ ಬಹುಮಂದಿ. ಬಲಕ್ಕೆ ತಿರುಗಿ ನಿಂತಷ್ಟೂ ಬೀಸಿನ ದಾರಿಯು ಬಲಕ್ಕೆ ಸರಿಯುವುದು. ದಾರಿಯು ಬಲಕ್ಕೆ ಸರಿದಷ್ಟೂ, ಚೆಂಡನ್ನು ಗುರಿಯತ್ತ ಮರಳಿಸುವ ಆತುರದಲ್ಲಿ ಕೈಗಳು ಮುಖವನ್ನು ಇನ್ನಷ್ಟು ಮುಚ್ಚುವುವು. ಹೀಗೆ ದೋಷವನ್ನು ಮರೆಸಲು ಹೂಡಿದ ಉಪಾಯವೇ ದೋಷವನ್ನು ಪೋಷಿಸಿ ಬೆಳೆಸುತ್ತದೆ. ಹುಕ್ಕಿನ ವಿಷಯದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ: ಪರಿಣಾಮದೊಡನೆ ಸಂಧಾನ ಮಾಡಿಕೊಳ್ಳದೆ ಕಾರಣವನ್ನು ಅದರ ಮೂಲಸ್ಥಾನದಲ್ಲಿಯೇ ತಿದ್ದಬೇಕು.

ಆ ಮೂಲಸ್ಥಾನವು ಬಹುತೇಕ ಸಂದರ್ಭಗಳಲ್ಲಿ ಕೈಯ ಹಿಡಿತವೇ ಆಗಿರುತ್ತದೆ. ಬಾಲ್ಯದಲ್ಲಿ ಚಿಣಿಫಣಿ ಆಡಿ, ಬೆಳೆದ ಮೇಲೆ ಕ್ರಿಕೆಟ್ ಬ್ಯಾಟು ಹಿಡಿದ ಕೈಗಳಿಗೆ ಹೊಡೆತದ ಕೊನೆಯಲ್ಲಿ ಮಣಿಕಟ್ಟನ್ನು ಹೊರಳಿಸುವ ಚುರುಕುತನವು ಸಹಜವಾಗಿ ಮೈಗೂಡಿರುತ್ತದೆ. ಗಾಲ್ಫಿನಲ್ಲಿ ಆ ಚುರುಕುತನವೇ ಮುಖವನ್ನು ಮುಚ್ಚುವ ಕೆಲಸ ಮಾಡೀತು. ಹಿಡಿತವನ್ನು ಪರೀಕ್ಷಿಸುವ ಕ್ರಮವು ಸುಲಭವಾದುದು. ಕ್ಲಬ್ಬಿನ ತಲೆಯನ್ನು ನೆಲಕ್ಕೆ ತಾಗಿಸಿ, ಅದರ ಮುಖದ ಕೆಳ ಅಂಚು ಗುರಿಗೆ ಲಂಬವಾಗಿರುವಂತೆ ಇಟ್ಟುಕೊಂಡು, ಎಡಗೈಯಿಂದ ಹಿಡಿದು, ಕತ್ತನ್ನು ವಾಲಿಸದೆ ಕೆಳಗೆ ನೋಡಬೇಕು. ಎಡಗೈಯ ಬೆನ್ನಿನ ಮೇಲೆ ಬೆರಳುಗಳ ಬುಡದ ಗೆಣ್ಣುಗಳು ಎರಡು, ಅಥವಾ ಎರಡೂವರೆಯಷ್ಟು ಕಂಡರೆ ಹಿಡಿತವು ಹದವಾಗಿದೆ. ಮೂರು ನಾಲ್ಕು ಗೆಣ್ಣುಗಳು ಕಾಣುತ್ತಿದ್ದರೆ ಕೈ ಬಲಕ್ಕೆ ಅತಿಯಾಗಿ ತಿರುಗಿದೆ. ಹೊಡೆಯುವಾಗ ಅದು ತನ್ನ ಸಹಜಸ್ಥಿತಿಗೆ ಮರಳುವುದರಿಂದ ಅದರೊಡನೆ ಮುಖವೂ ಮುಚ್ಚಿಕೊಳ್ಳುವುದು. ಬಲಗೈಯ ಹೆಬ್ಬೆರಳೂ ತೋರುಬೆರಳೂ ಕೂಡುವಲ್ಲಿ ಮೂಡುವ ಗೆರೆಯು ಗದ್ದಕ್ಕೂ ಬಲಹೆಗಲಿಗೂ ನಡುವೆ ಎಲ್ಲಿಯಾದರೂ ಬೆಟ್ಟು ಮಾಡಬೇಕು. ಹೆಗಲಿನಿಂದ ಹೊರಕ್ಕೆ ಹೋದರೆ ಬಲಗೈಯು ಹಿಡಿಯ ಅಡಿಗೆ ಜಾರಿದೆಯೆಂದು ಅರಿತು ಅದನ್ನು ಮೇಲಕ್ಕೆ ತಿರುಗಿಸಿಕೊಳ್ಳಬೇಕು. ತಿದ್ದಿದ ಹಿಡಿತವು ಮೊದಮೊದಲು ಕೈಗೆ ಒಗ್ಗದೆ ಪರಕೀಯವಾಗಿ ತೋರುವುದು ಸಹಜ. ಮನೆಯ ಪಡಸಾಲೆಯಲ್ಲಿ ಚೆಂಡಿಲ್ಲದೆ, ದಿನಕ್ಕೆ ಕೆಲವು ನಿಮಿಷ ಹಿಡಿದು ಬಿಟ್ಟು ಮಾಡಿದರೆ ಅದು ಕ್ರಮೇಣ ಕೈಯ ಸ್ವಂತದ್ದಾಗುತ್ತದೆ.

ಈ ಮಾರ್ಗದಲ್ಲಿ ನಡೆದವರೊಳಗೆ ಅಗ್ರಗಣ್ಯನು ಬೆನ್ ಹೋಗನ್. ಅಮೆರಿಕದ ಟೆಕ್ಸಸ್ ಸೀಮೆಯಲ್ಲಿ 1912ರಲ್ಲಿ ಹುಟ್ಟಿ, ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು, ಕ್ಯಾಡಿಯಾಗಿ ದುಡಿದು ಆಟ ಕಲಿತ ಈತನಿಗೆ ವೃತ್ತಿಜೀವನದ ಮೊದಲ ವರ್ಷಗಳಲ್ಲಿ ಹುಕ್ಕೇ ಪರಮಶತ್ರುವಾಗಿತ್ತು. ಒಬ್ಬನೇ ಆಡಿ ಗೆದ್ದ ಮೊದಲ ದೊಡ್ಡ ವೃತ್ತಿಪಂದ್ಯವು ಆತನಿಗೆ ದೊರೆತದ್ದು 1940ರಲ್ಲಿ. ಆ ಬಳಿಕವೂ ಹುಕ್ಕು ಸಂಪೂರ್ಣವಾಗಿ ತೊಲಗಲಿಲ್ಲ. ಕಡೆಗೆ ಆತನು ಕಂಡುಕೊಂಡ ದಾರಿಯು ಎರಡು ಸಣ್ಣ ಮಾರ್ಪಾಡುಗಳದು: ಎಡಗೈಯ ಹಿಡಿತವನ್ನು ಸ್ವಲ್ಪ ಎಡಕ್ಕೆ ತಿರುಗಿಸಿಕೊಂಡದ್ದು ಒಂದು, ಬೀಸು ತನ್ನ ತುತ್ತತುದಿಯನ್ನು ಮುಟ್ಟಿದಾಗ ಎಡ ಮಣಿಕಟ್ಟು ಕೈಯ ಬೆನ್ನಿನ ಕಡೆಗೆ ತುಸು ಬಾಗಿರುವಂತೆ ನೋಡಿಕೊಂಡದ್ದು ಇನ್ನೊಂದು. ಇವೆರಡರಿಂದ ಮುಖವು ಮುಚ್ಚಿಕೊಳ್ಳುವ ಭಯವೇ ಇಲ್ಲದಾಗಿ, ಆತನು ತನ್ನ ಶಕ್ತಿಯನ್ನೆಲ್ಲ ಹೊಡೆತಕ್ಕೆ ಧಾರೆಯೆರೆಯುವಂತಾಯಿತು. 1949ರ ಫೆಬ್ರುವರಿಯಲ್ಲಿ ಕಾರು ಬಸ್ಸಿಗೆ ಡಿಕ್ಕಿಯಾಗಿ ಎಲುಬುಗಳು ಮುರಿದು, ಮತ್ತೆ ನಡೆದಾನೇ ಎಂಬ ಸಂದೇಹ ಹುಟ್ಟಿಸಿದ್ದ ಆ ಮನುಷ್ಯನು ಮರುವರ್ಷವೇ ಯು.ಎಸ್. ಓಪನ್ ಗೆದ್ದನು, 1953ರಲ್ಲಿ ಒಂದೇ ವರ್ಷದೊಳಗೆ ಮಾಸ್ಟರ್ಸ್, ಯು.ಎಸ್. ಓಪನ್, ಬ್ರಿಟಿಷ್ ಓಪನ್ ಮೂರನ್ನೂ ತನ್ನದಾಗಿಸಿಕೊಂಡನು. ಈ ಮಾರ್ಪಾಡುಗಳು ಹುಕ್ಕಿನಿಂದ ಬಳಲುವವನಿಗೆ ಮಾತ್ರ ಹಿತ. ಸ್ಲೈಸ್ ಇರುವವನು ಅನುಸರಿಸಿದರೆ ಅವನ ವ್ಯಾಧಿಯು ಉಲ್ಬಣಿಸುವುದೆಂಬುದನ್ನು ಮರೆಯಬಾರದು.

ಹಿಡಿತವು ಸರಿಯಾದ ಬಳಿಕ ನಿಲುವಿನ ಪರೀಕ್ಷೆ. ಎರಡು ನೆಟ್ಟನೆಯ ಕೋಲುಗಳನ್ನು ತೆಗೆದುಕೊಂಡು, ಒಂದನ್ನು ಚೆಂಡಿನ ಆಚೆಗೆ ಗುರಿಯ ದಿಕ್ಕಿಗೆ, ಇನ್ನೊಂದನ್ನು ಅದಕ್ಕೆ ಸಮಾನಾಂತರವಾಗಿ ಕಾಲ್ಬೆರಳುಗಳ ಮುಂದೆ ಮಲಗಿಸಿದರೆ, ತಾನು ನೆಟ್ಟಗೆ ನಿಂತಿದ್ದೇನೆಂದು ನಂಬಿದ್ದವನು ಎಷ್ಟು ಬಲಕ್ಕೆ ತಿರುಗಿದ್ದನೆಂಬುದು ಕ್ಷಣದಲ್ಲಿ ಬಯಲಾಗುತ್ತದೆ. ಪಾದಗಳಷ್ಟೇ ಅಲ್ಲದೆ ಸೊಂಟವೂ ಭುಜಗಳೂ ಆ ಕೋಲಿಗೆ ಸಮಾನಾಂತರವಾಗಿರಬೇಕು. ಚೆಂಡು ಬಲಗಾಲಿನ ಕಡೆಗೆ ಅತಿಯಾಗಿ ಹಿಂದೆ ಸರಿದಿದ್ದರೆ ಕ್ಲಬ್ಬು ಇನ್ನೂ ಹೊರಮುಖವಾಗಿ ಚಲಿಸುತ್ತಿರುವಾಗಲೇ ಅದನ್ನು ಸಂಧಿಸುವುದರಿಂದ ಹುಕ್ಕಿಗೆ ಅವಕಾಶ ಹೆಚ್ಚು. ಏಳನೆಯ ಐರನ್ನಿಗೆ ಚೆಂಡು ಎರಡು ಪಾದಗಳ ನಡುವಿನಿಂದ ತುಸು ಎಡಕ್ಕೂ, ಡ್ರೈವರಿಗೆ ಎಡ ಹಿಮ್ಮಡಿಯ ನೇರಕ್ಕೂ ಇರುವುದು ಯುಕ್ತ.

ಇನ್ನು ಬೀಸಿನ ವಿಚಾರ. ಕ್ಲಬ್ಬು ಕೆಳಗಿಳಿಯುವಾಗ ಸೊಂಟವೂ ಎದೆಯೂ ಗುರಿಯ ಕಡೆಗೆ ತಿರುಗುತ್ತಲೇ ಇರಬೇಕು. ಅವು ನಡುವೆ ನಿಂತುಬಿಟ್ಟರೆ, ತೋಳುಗಳಲ್ಲಿ ಶೇಖರವಾದ ವೇಗವು ಬೇರೆ ದಾರಿ ಕಾಣದೆ ಮುಂಗೈಗಳನ್ನು ಹೊರಳಿಸಿ ಮುಖವನ್ನು ಮುಚ್ಚುತ್ತದೆ. ಕೈಗಳನ್ನು ಬಲಾತ್ಕಾರದಿಂದ ತಡೆಯಹೋದರೆ ಬೀಸು ಬಿಗಿಯಾಗಿ ಕೆಡುವುದಷ್ಟೇ ಫಲ. ದೇಹವು ತಿರುಗುತ್ತಿದ್ದರೆ ಕೈಗಳು ತಾವಾಗಿಯೇ ಶಾಂತವಾಗುತ್ತವೆ. ಇದಕ್ಕೆ ಒಳ್ಳೆಯ ಅಭ್ಯಾಸವೆಂದರೆ ಅರ್ಧ ಬೀಸು. ಕ್ಲಬ್ಬನ್ನು ಹಿಂದೆ ಸೊಂಟದ ಎತ್ತರಕ್ಕೆ ಮಾತ್ರ ಒಯ್ದು, ಮುಂದೆಯೂ ಸೊಂಟದ ಎತ್ತರದಲ್ಲಿ ನಿಲ್ಲಿಸಿ, ಅಲ್ಲಿಯೇ ಸ್ಥಿರವಾಗಿ ನಿಂತು ನೋಡಿಕೊಳ್ಳಬೇಕು: ಹೊಕ್ಕುಳು ಗುರಿಯ ಕಡೆಗೆ ತಿರುಗಿದೆಯೇ, ಕ್ಲಬ್ಬಿನ ತಲೆಯ ತುದಿ ಆಕಾಶವನ್ನು ನೋಡುತ್ತಿದೆಯೇ ಎಂದು. ತುದಿಯು ಎಡಕ್ಕೆ ಮಗುಚಿ ಮುಖವು ನೆಲವನ್ನು ನೋಡುತ್ತಿದ್ದರೆ ಕೈಗಳು ಹೊರಳಿವೆಯೆಂದು ತಿಳಿಯಬೇಕು. ಬಲಕ್ಕೆ ಹೊರಟು ಎಡಕ್ಕೆ ಹೊರಳುವ ಹುಕ್ಕಿನವನು ಚೆಂಡಿನ ಹಿಂದೆ ಎರಡು ಗೇಣು ದೂರದಲ್ಲಿ, ತನ್ನ ಕಾಲ ಕಡೆಗೆ ತುಸು ಒಳಕ್ಕೆ, ಮೆತ್ತನೆಯ ಬಟ್ಟೆಯ ಸುರುಳಿಯೊಂದನ್ನು ಇಟ್ಟುಕೊಂಡು ಹೊಡೆಯಲಿ. ಅತಿಯಾಗಿ ಒಳಗಿನಿಂದ ಇಳಿಯುವ ಕ್ಲಬ್ಬು ಅದನ್ನು ತಾಗುವುದು, ತಾಗದಂತೆ ಹೊಡೆಯುವಷ್ಟರಲ್ಲಿ ದಾರಿಯು ತಾನಾಗಿ ನೇರವಾಗುವುದು.

ಇಂತಹ ಅಭ್ಯಾಸಕ್ಕೆ ನಮ್ಮ ಸೀಮೆಯ ನೆಲವು ಅನನುಕೂಲವೆಂದು ಭಾವಿಸುವುದು ತಪ್ಪು. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂದು ಹಿರಿಯರು ಹಾಡಿಹೊಗಳಿದ ಈ ಎರೆಯ ಬಯಲು, ಹಿಂಗಾರಿ ಜೋಳದ ರಾಶಿ ಮುಗಿದ ಮೇಲೆ, ಮರಳಿ ಬಿತ್ತುವವರೆಗೂ ಬರಿದಾಗಿ ಬಿದ್ದಿರುತ್ತದೆ. ಜಮಖಂಡಿಯ ದಾರಿಯಲ್ಲಿ ಬಬಲೇಶ್ವರದ ಸುತ್ತ ಹಬ್ಬಿದ ಹೊಲಗಳಲ್ಲಿ, ಒಡೆಯನ ಅಪ್ಪಣೆ ಪಡೆದು, ದಾರಿಹೋಕರೂ ದನಕರುಗಳೂ ಸುಳಿಯದ ದಿಕ್ಕನ್ನು ಆರಿಸಿಕೊಂಡು ನಿಂತರೆ, ಹುಕ್ಕಿನ ನಿದಾನಕ್ಕೆ ಬೇಕಾದ ಎರಡು ಸಾಧನಗಳೂ ಅಲ್ಲಿಯೇ ಉಂಟು: ಚೆಂಡಿನ ಹಾರಾಟವನ್ನು ಕೊನೆಯವರೆಗೂ ಕಾಣಿಸುವ ವಿಶಾಲವಾದ ಆಕಾಶ, ಕ್ಲಬ್ಬಿನ ದಾರಿಯನ್ನು ಅಚ್ಚೊತ್ತಿ ಹಿಡಿಯುವ ಮಣ್ಣು. ಕೂಳೆ ಕಿತ್ತು ಪುಡಿಮಾಡಿ ಸಮಗೊಳಿಸಿದ ಎರೆಯ ತುಣುಕಿನ ಮೇಲೆ ಗುರಿಯ ಕಡೆಗೆ ಬೆರಳಿಂದ ಒಂದು ಗೆರೆಯೆಳೆದು, ಅದರ ಮೇಲೆ ಚೆಂಡಿಟ್ಟು ಹೊಡೆದರೆ, ಕ್ಲಬ್ಬು ಕೆತ್ತಿದ ಗಾಯವು ಗೆರೆಯಿಂದ ಎಷ್ಟು ಬಲಕ್ಕೆ ವಾಲಿದೆಯೆಂಬುದನ್ನು ಬಗ್ಗಿ ನೋಡಿ ತಿಳಿಯಬಹುದು. ಕ್ಲಬ್ಬಿನ ಮುಖಕ್ಕೆ ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಸವರಿಕೊಂಡಿದ್ದರೆ ಚೆಂಡು ತಾಗಿದ ಸ್ಥಳದ ಗುರುತೂ ದೊರೆಯುವುದು. ಡ್ರೈವರಿನಲ್ಲಿ ಆ ಗುರುತು ಮುಖದ ತುದಿಯ ಕಡೆಗಿದ್ದರೆ, ಬೀಸು ನಿರ್ದುಷ್ಟವಾಗಿದ್ದರೂ ಚೆಂಡು ಎಡಕ್ಕೆ ಬಾಗೀತು. ಬೇಸಗೆಯಲ್ಲಿ ಎರೆಯು ಬಿರಿದು ಗಟ್ಟಿಯಾದಾಗ ಮಣಿಕಟ್ಟಿಗೆ ಪೆಟ್ಟಾಗದಂತೆ ಗೋಣಿತಟ್ಟಿನ ಮೇಲೆ ಚೆಂಡಿಡುವುದು ಲೇಸು. ಅಡ್ಡಗಾಳಿಯು ಸುಳ್ಳು ಸಾಕ್ಷಿ ಹೇಳುವುದರಿಂದ ಗಾಳಿ ಏಳದ ಮುಂಜಾವೇ ಪರೀಕ್ಷೆಗೆ ತಕ್ಕ ಹೊತ್ತು.

ಅಥಣಿಯ ದಾರಿಯ ತಿಕೋಟಾ ದ್ರಾಕ್ಷಿಯ ನಾಡು. ಅಲ್ಲಿ ಕಂಬ ತಂತಿಗಳ ಮೇಲೆ ಹಬ್ಬಿದ ತೋಟಗಳ ನಡುವೆ ಚೆಂಡು ಹಾರಿಸುವುದು ಸರ್ವಥಾ ಸಲ್ಲದು. ಆದರೆ ಒಣದ್ರಾಕ್ಷಿಯ ಶೆಡ್ಡುಗಳಿಗೆ ಕಟ್ಟುವ ಹಸಿರು ನೆಟ್ಟಿನ ಹಳೆಯ ತುಂಡೊಂದನ್ನು ಅಂಗಳದಲ್ಲಿ ಸಡಿಲವಾಗಿ ಇಳಿಬಿಟ್ಟರೆ, ಪ್ಲಾಸ್ಟಿಕ್ಕಿನ ಹಗುರ ಚೆಂಡುಗಳಿಂದ ಅರ್ಧ ಬೀಸಿನ ಅಭ್ಯಾಸವನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಹಿಡಿತವನ್ನೂ ದೇಹದ ತಿರುಗುವಿಕೆಯನ್ನೂ ರೂಢಿಸಲು ನೆಟ್ಟು ಸಾಕು. ದೋಷವು ತೊಲಗಿತೇ ಎಂದು ತಿಳಿಯಲು ಬಯಲೇ ಬೇಕು.

ದೇಹವನ್ನು ದೂರುವ ಮೊದಲು ಸಲಕರಣೆಯನ್ನೂ ಒಮ್ಮೆ ನೋಡಬೇಕಾದುದುಂಟು. ಕ್ಲಬ್ಬಿನ ಕೋಲು ಆಟಗಾರನ ನಿಲುವಿಗೆ ಹೊಂದದೆ ಅತಿಯಾಗಿ ನೆಟ್ಟಗಿದ್ದರೆ ಮುಖವು ಎಡಕ್ಕೆ ನೋಡುತ್ತದೆ. ಚೆಂಡು ಪಾದಗಳಿಗಿಂತ ಎತ್ತರದ ಇಳಿಜಾರಿನಲ್ಲಿ ನಿಂತಿದ್ದರೆ ಯಾರು ಹೊಡೆದರೂ ಅದು ಎಡಕ್ಕೆ ಒಲೆಯುವುದು ಸಹಜ. ಅಲ್ಲಿ ಮಾತ್ರ ಗುರಿಯನ್ನು ತುಸು ಬಲಕ್ಕೆ ಇಟ್ಟುಕೊಳ್ಳುವುದು ನ್ಯಾಯವಾದ ಕ್ರಮ. ಎಡಗೈ ಆಟಗಾರರು ಇಲ್ಲಿ ಹೇಳಿದ ಎಡಬಲಗಳನ್ನೆಲ್ಲ ಅದಲುಬದಲು ಮಾಡಿಕೊಳ್ಳಬೇಕು.

ಹಿಡಿತ, ನಿಲುವು, ಬೀಸು ಎಂಬ ಈ ಅನುಕ್ರಮವನ್ನು ತಪ್ಪಿಸದೆ, ಒಂದು ಸಲಕ್ಕೆ ಒಂದನ್ನೇ ತಿದ್ದುತ್ತ ಹೋಗಬೇಕು. ಎಲ್ಲವನ್ನೂ ಒಮ್ಮೆಗೇ ಬದಲಿಸಿದವನಿಗೆ ಯಾವ ಮದ್ದು ಗುಣ ಕೊಟ್ಟಿತೆಂಬುದೇ ತಿಳಿಯದೆ ಹೋಗುವುದು. ಏಳನೆಯ ಐರನ್ನಿನ ಅರ್ಧ ಬೀಸು ನೇರವಾದ ತರುವಾಯ ಪೂರ್ಣ ಬೀಸಿಗೂ, ಅದು ನೇರವಾದ ತರುವಾಯ ಡ್ರೈವರಿಗೂ ಏರಬೇಕು. ಈ ನಡುವೆ ಹೊಡೆತದ ದೂರವು ಕೆಲಕಾಲ ಕುಗ್ಗೀತು. ಹುಕ್ಕಿನವನಿಗೆ ದೂರದ ಮೋಹ ಅಧಿಕ. ತಗ್ಗಾಗಿ ಹಾರಿ ಓಡುವ ಚೆಂಡಿನಿಂದ ದೊರೆತ ಆ ದೂರವನ್ನು ಬಿಟ್ಟುಕೊಡಲು ಅವನ ಮನಸ್ಸು ಒಪ್ಪುವುದಿಲ್ಲ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಅದಿತಿ ಅಶೋಕ್ ಅವರ ಆಟವನ್ನು ಅಂತಹವರು ನೆನೆಯಲಿ. ಹದಿನೆಂಟರ ಹರೆಯದಲ್ಲಿ 2016ರ ರಿಯೊ ಒಲಿಂಪಿಕ್ಸಿನಲ್ಲಿ ಆಡಿದ ಈ ಆಟಗಾರ್ತಿ, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ, ತನಗಿಂತ ಬಹುದೂರ ಹೊಡೆಯುವವರ ನಡುವೆ, ನೇರವಾದ ಹೊಡೆತವನ್ನೂ ಕುಳಿಯ ಬಳಿಯ ಏಕಾಗ್ರತೆಯನ್ನೂ ನೆಚ್ಚಿಕೊಂಡು ನಾಲ್ಕನೆಯ ಸ್ಥಾನಕ್ಕೆ ಬಂದರು. ಪದಕವು ತಪ್ಪಿದ್ದು ಒಂದೇ ಹೊಡೆತದ ಅಂತರದಿಂದ.

ಸೈಕಲ್ ಪಟುಗಳಿಗಾಗಿ ಹೆಸರಾದ ವಿಜಯಪುರ ಜಿಲ್ಲೆಗೆ ದೀರ್ಘಕಾಲದ ಅಭ್ಯಾಸವೆಂಬುದು ಹೊಸದಾಗಿ ಕಲಿಯಬೇಕಾದ ಗುಣವಲ್ಲ. ಎರಡು ಹಳೆಯ ಕ್ಲಬ್ಬುಗಳು, ಕೆಲವು ಚೆಂಡುಗಳು, ರಾಶಿ ಮುಗಿದ ಒಂದು ಹೊಲ, ಇಷ್ಟಿದ್ದರೆ ಊರಿಗೆ ಬಂದ ತರುಣನು ತನ್ನ ಹುಕ್ಕನ್ನು ತಿದ್ದಿಕೊಳ್ಳುವುದಲ್ಲದೆ, ಬದುವಿನ ಮೇಲೆ ನಿಂತು ನೋಡುವ ಊರ ಹುಡುಗರ ಕೈಗೂ ಒಂದು ಕ್ಲಬ್ಬು ಕೊಟ್ಟು, ಮೊದಲ ದಿನದಿಂದಲೇ ಸರಿಯಾದ ಹಿಡಿತವನ್ನು ಕಲಿಸಬಹುದು. ತಪ್ಪು ರೂಢಿಯಾದ ಮೇಲೆ ತಿದ್ದಲು ಬೇಕಾಗುವ ಶ್ರಮದ ಅಲ್ಪಾಂಶದಲ್ಲಿಯೇ ಸರಿಯಾದುದನ್ನು ರೂಢಿಸಬಹುದೆಂಬುದನ್ನು, ಹುಕ್ಕಿನೊಡನೆ ಸೆಣಸಿದವನಿಗಿಂತ ಚೆನ್ನಾಗಿ ಕಲಿಸಬಲ್ಲವರು ಇನ್ನಾರೂ ಇಲ್ಲ.